ತವರಿಗೆ ಮರಳಿದ ಮಗಳು

ತವರುಮನೆಯನ್ನು ಕುರಿತ ಗರತಿಯ ಹಾಡುಗಳನ್ನು ನಾನು ಮೂರು ದಶಕ ತರಗತಿಯಲ್ಲಿ ಪಾಠ ಹೇಳಿದ್ದೇನೆ. ಅಲ್ಲಿ ನಾನು ಕಾಣದ ಒಂದು ತವರಿನ ಸಂಗತಿಯನ್ನು ಇಂದು ಶ್ರೋತೃಗಳ ಮುಂದಿಡಬೇಕೆನಿಸಿದೆ. ಅದು ಚಿತ್ತ ಕದಡಿದ ಮಗಳು ಮರಳಿ ಬರುವ ತವರು.

1912ರ ಲೂನಸಿ ಕಾಯಿದೆಯ ಕಾಲದಲ್ಲಿ ತೀವ್ರ ಮನೋರೋಗಿ ಮ್ಯಾಜಿಸ್ಟ್ರೇಟರ ಆಜ್ಞೆಯಿಂದ ಗೋಡೆಯೊಳಗೆ ಸೇರುತ್ತಿದ್ದ. ಮನೆಯವರು ಗೇಟಿನ ಹೊರಗೆ ಉಳಿಯುತ್ತಿದ್ದರು. ಈ ಪದ್ಧತಿಯನ್ನು ಮುರಿದವರು ಅಮೃತಸರದ ಡಾ. ವಿದ್ಯಾಸಾಗರ್. 1950ರ ದಶಕದಲ್ಲಿ ಅವರು ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ ಬಂಧುಗಳನ್ನು ರೋಗಿಯೊಡನೆ ಇರಿಸಿಕೊಂಡರು. ಮುಂದೆ ವೆಲ್ಲೂರು, ಬೆಂಗಳೂರುಗಳಲ್ಲಿಯೂ ಈ ಕ್ರಮ ಬೇರೂರಿತು. ಇದನ್ನು ನಾನು ದೊಡ್ಡ ಸಾಧನೆಯೆಂದೇ ಎಣಿಸುತ್ತೇನೆ. ಆದರೆ 'ಮನೆಯವರು' ಎಂಬ ಶಬ್ದಕ್ಕೆ ವ್ಯಾಕರಣದಲ್ಲಿ ಲಿಂಗಭೇದವಿಲ್ಲದಿದ್ದರೂ, ರೋಗಿಯ ಮಂಚದ ಬಳಿ ಅದಕ್ಕೆ ತಾಯಿ, ಹೆಂಡತಿ, ಅಕ್ಕ ಎಂದೇ ಅರ್ಥ.

ರೋಗದಲ್ಲಿಯೂ ಭೇದವುಂಟು. ಸ್ಕಿಜೋಫ್ರೇನಿಯಾ ಗಂಡಸರಿಗಿಂತ ಹೆಂಗಸರಲ್ಲಿ ಮೂರು ನಾಲ್ಕು ವರ್ಷ ತಡವಾಗಿ ತಲೆದೋರುವುದೆಂದು ಯೂರೋಪಿನ ಅಧ್ಯಯನಗಳು ಹೇಳುತ್ತವೆ. ಭಾರತದ ಕೆಲವು ಅಧ್ಯಯನಗಳಲ್ಲಿ ಈ ಅಂತರ ಕಾಣುವುದಿಲ್ಲ. ತಡವಾಗಿ ಬಂದರೆ ಅಲ್ಲಿ ಅನುಕೂಲವೇ. ಅಷ್ಟರಲ್ಲಿ ಓದು, ಉದ್ಯೋಗಗಳು ಕೈಗೂಡಿರುತ್ತವೆ. ನಮ್ಮಲ್ಲಿ ಅಷ್ಟರಲ್ಲಿ ಕೈಗೂಡಿರುವುದು ಮದುವೆ! ಮಗನ ಕಾಯಿಲೆ ಹೆತ್ತವಳ ಕಣ್ಣೆದುರು ಮೊದಲಾದರೆ, ಮಗಳದು ಅನೇಕ ವೇಳೆ ಅತ್ತೆಯ ಮನೆಯಲ್ಲಿ ಮೊದಲಾಗುತ್ತದೆ. ಕಾಯಿಲೆಯ ಗಂಡನಿಗೆ ಹೆಂಡತಿ ಅನ್ನ ಕಲಸಿಕೊಡುತ್ತಾಳೆ. ಕಾಯಿಲೆಯ ಹೆಂಡತಿಗೆ ಬಸ್ಸು ಹತ್ತಿಸುತ್ತಾರೆ. ಚೆನ್ನೈಯ ಡಾ. ಆರ್. ತಾರಾ ಮತ್ತು ಸಂಗಡಿಗರು ಹೀಗೆ ಮದುವೆ ಮುರಿದ ಸ್ತ್ರೀಯರನ್ನು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಅನೇಕರಿಗೆ ವಿಚ್ಛೇದನವೂ ಇಲ್ಲ, ಜೀವನಾಂಶವೂ ಇಲ್ಲ. ಆಶ್ರಯ ಮುದಿ ತಂದೆತಾಯಿ. ತಮ್ಮ ತರುವಾಯ ಇವಳ ಗತಿಯೇನೆಂಬುದು ಆ ವೃದ್ಧರ ಚಿಂತೆ.

ಕಾನೂನಿನ ನಡಿಗೆ ವಿಚಿತ್ರ. 1955ರ ಹಿಂದೂ ವಿವಾಹ ಕಾಯಿದೆ, ಚಿತ್ತಭ್ರಮೆಯ ಕಾರಣಕ್ಕೆ ವಿಚ್ಛೇದನ ಕೇಳುವವನು ಮೂರು ವರ್ಷವಾದರೂ ಕಾದಿರಬೇಕೆಂದು ಹೇಳಿತ್ತು. 1976ರ ತಿದ್ದುಪಡಿ ಆ ಅವಧಿಯನ್ನು ತೆಗೆದುಹಾಕಿತು. ರೋಗದ ಹೆಸರೊಂದೇ ಸಾಲದು, ಅದರ ತೀವ್ರತೆಯನ್ನು ರುಜುವಾತುಪಡಿಸಬೇಕೆಂದು ಸುಪ್ರೀಂ ಕೋರ್ಟು 1988ರಲ್ಲಿ ವಿಧಿಸಿತು. ಆದರೆ ಮಗಳನ್ನು ತವರಿನ ಜಗಲಿಯಲ್ಲಿ ಬಿಟ್ಟುಹೋದವರು ಕೋರ್ಟಿನ ಮೆಟ್ಟಿಲು ಹತ್ತಿದವರೇ ಅಲ್ಲ.

2017ರ ಮಾನಸಿಕ ಆರೋಗ್ಯಪಾಲನಾ ಕಾಯಿದೆ, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದೆಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಅಂಥ ತಾಯಿ–ಮಕ್ಕಳಿಗಾಗಿ 2009ರಲ್ಲಿಯೇ ಪ್ರತ್ಯೇಕ ಘಟಕವನ್ನು ತೆರೆದಿತ್ತು.