ರಾಯಚೂರು ಜಿಲ್ಲೆಯ ಮಳೆ–ಹೊಳೆ ದಾಖಲೆಗಳು

ಕೃಷ್ಣಾ–ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬ್ ಪ್ರದೇಶದಲ್ಲಿ ಮಳೆ, ಉಷ್ಣಾಂಶ, ನದಿಮಟ್ಟಗಳನ್ನು ಬಹುಕಾಲ ಅಳೆದು ಬರೆದಿಟ್ಟ ಮಾಹಿತಿ. ಹವಾಮಾನ ಬದಲಾವಣೆಯ ಅಧ್ಯಯನಕ್ಕೂ ಬರ, ನೆರೆಗಳ ನಿರ್ವಹಣೆಗೂ ಇದು ಆಧಾರ.

ರಾಯಚೂರು ನಗರದ ದಾಖಲೆ ನಿಜಾಮರ ಆಳ್ವಿಕೆಯ ಕಾಲದಿಂದಲೂ ಬಂದದ್ದು. 1928ರ ಮೇ 23ರಂದು ಇಲ್ಲಿ ದಾಖಲಾದ 45.6 ಡಿಗ್ರಿ ಸೆಲ್ಸಿಯಸ್ ಬಿಸಿಲು ಈಗಲೂ ಉಲ್ಲೇಖಗೊಳ್ಳುತ್ತದೆ. ಆದರೆ ಒಂದು ದಿನದ ದಾಖಲೆಯಿಂದ ಹವಾಗುಣ ತಿಳಿಯದು; ಅದಕ್ಕೆ ಮೂವತ್ತು ವರ್ಷಗಳ ಸರಾಸರಿ ಬೇಕು. ಅದನ್ನೇ ‘ವಾಡಿಕೆ’ ಎನ್ನುತ್ತಾರೆ. ಹೆಸರು ವಾಡಿಕೆಯಾದರೂ ಅದು ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ. ಇತ್ತೀಚಿನದು 1991–2020ರ ಅವಧಿಯದು.

ವರ್ಷದ ಒಟ್ಟು ಮಳೆಯನ್ನಷ್ಟೇ ನೋಡಿದರೆ ಮೋಸಹೋಗಬಹುದು. 2009ರಲ್ಲಿ ದೇಶದ ಮುಂಗಾರು ಶೇ. 22ರಷ್ಟು ಕೊರತೆಯಾಗಿತ್ತು. ಆದರೆ ಅದೇ ವರ್ಷ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಆರಂಭಕ್ಕೆ ಸುರಿದ ಮಳೆ ರಾಯಚೂರು ಸೇರಿದಂತೆ ಉತ್ತರ ಕರ್ನಾಟಕವನ್ನು ನೆರೆಯಲ್ಲಿ ಮುಳುಗಿಸಿತು. ಬರವೂ ನೆರೆಯೂ ಒಂದೇ ವರ್ಷದಲ್ಲಿ ಬಂದದ್ದು ದಿನವಹಿ ಲೆಕ್ಕದಲ್ಲಿ ಮಾತ್ರ ಕಾಣುತ್ತದೆ. ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವವರಿಗೂ ಬೇಕಾದದ್ದು ಆ ಲೆಕ್ಕವೇ.

ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿಯಲ್ಲಿ ಕೇಂದ್ರ ಜಲ ಆಯೋಗದ ಕೃಷ್ಣಾ ಮಾಪನ ಕೇಂದ್ರವಿದೆ. ಅಲ್ಲಿಯ ನೀರಿನ ಏರಿಳಿತವೆಲ್ಲ ಮಳೆಯಿಂದಾದದ್ದಲ್ಲ. ಮೇಲಿನ ನಾರಾಯಣಪುರ ಜಲಾಶಯದ ಗೇಟು ತೆರೆದಾಗಲೂ ಮಟ್ಟ ಏರುತ್ತದೆ, ಹೊರಹರಿವು ಹೆಚ್ಚಾದರೆ ಹೂವಿನಹೆಡಗಿ ಸೇತುವೆ ಮುಳುಗುತ್ತದೆ. ಸಂಶೋಧಕರು ಗೇಟಿನ ಲೆಕ್ಕ ಕಳೆದೇ ಈ ಅಂಕಿಗಳನ್ನು ಓದಬೇಕು.

ಮಾನ್ವಿ ತಾಲ್ಲೂಕಿನ ಕತೆ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಭತ್ತದ ಗದ್ದೆಗಳಿಗೆ ಮಾನ್ವಿಯ ಮಳೆಗಿಂತ ತುಂಗಭದ್ರಾ ಜಲಾಶಯವನ್ನು ತುಂಬಿಸುವ ಮಲೆನಾಡಿನ ಮಳೆ ಮುಖ್ಯ. ಜಲಾಶಯದ ಹೂಳಿನ ಸಮೀಕ್ಷೆಯೂ ಅಷ್ಟೇ ಮುಖ್ಯ: ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ಸಂಗ್ರಹ ಸಾಮರ್ಥ್ಯ 2016ರ ಸಮೀಕ್ಷೆಯಲ್ಲಿ 105.788 ಟಿಎಂಸಿಗೆ ಇಳಿದಿತ್ತು. ಮಳೆ ಸಮೃದ್ಧವಾದ ವರ್ಷದಲ್ಲೂ ಕಾಲುವೆಯ ಕೊನೆಯ ರೈತರು ನೀರಿಗಾಗಿ ಕಾಯುವುದರ ಒಂದು ಕಾರಣ ಇಲ್ಲಿದೆ.

1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾದ ಸಂಸ್ಥೆಯೇ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದ ಇದರ ಸ್ವಯಂಚಾಲಿತ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಮಾಹಿತಿ ಕಳುಹಿಸುತ್ತವೆ. ಬೆಳಿಗ್ಗೆ ಎಂಟೂವರೆಗೆ ಕೈಯಿಂದ ಅಳೆದು ಬರೆದ ಹಳೆಯ ದಾಖಲೆಗೆ ಈ ಅಂಕಿಗಳನ್ನು ಜೋಡಿಸುವ ಮೊದಲು ಉಪಕರಣ, ಜಾಗ ಯಾವಾಗ ಬದಲಾದವು ಎಂಬುದನ್ನು ಪರಿಶೀಲಿಸಬೇಕಾಗುತ್ತದೆ.