ಬೆಲೆ, ಬೆಳೆ, ಬೇಳೆ: ಟಚ್‌ಸ್ಕ್ರೀನ್ ಲ್ಯಾಪ್‌ಟಾಪಿಗೆ ಕನ್ನಡ ಬಂದ ಮೂರು ದಾರಿ

ದೆಹಲಿಯ ನೆಹರೂ ಪ್ಲೇಸ್‌ನಲ್ಲಾಗಲಿ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ಲ್ಯಾಪ್‌ಟಾಪ್ ಕೊಳ್ಳಲು ಹೋದವರ ಕಣ್ಣಿಗೆ ಬೀಳುವುದು ಇಂಗ್ಲಿಷ್ ಅಕ್ಷರಗಳನ್ನು ಅಚ್ಚು ಹಾಕಿದ ಕೀಲಿಗಳು. ಕನ್ನಡದಲ್ಲಿ ಬರೆಯುವವರು ಆ ಅಕ್ಷರಗಳ ಮೇಲೆ ತಮ್ಮ ಅಕ್ಷರಗಳನ್ನು ಮನಸ್ಸಿನಲ್ಲೇ ಅಂಟಿಸಿಕೊಂಡು ಇಷ್ಟು ವರ್ಷ ಕಳೆದಿದ್ದಾರೆ. ಹಿಂದಕ್ಕೆ ಪೂರ್ತಿ ಮಡಚಬಹುದಾದ, ಬೆರಳಿಗೂ ಪೆನ್ನಿಗೂ ಸ್ಪಂದಿಸುವ ಲ್ಯಾಪ್‌ಟಾಪ್ ಬಂದಮೇಲೆ ಇದು ಸ್ವಲ್ಪ ಬದಲಾಗಿದೆ. ಅದನ್ನು ಮಡಚಿದರೆ ಅಚ್ಚಿನ ಕೀಲಿಗಳು ಕೆಲಸ ನಿಲ್ಲಿಸುತ್ತವೆ. ಪರದೆಯ ಮೇಲೆ ಮೂಡುವ ಕೀಲಿಮಣೆ ಯಾವ ಲಿಪಿಯದ್ದಾದರೂ ಆಗಬಹುದು.

ಇದರಿಂದ ಯಾರಿಗೆ ಏನು ಲಾಭ ಎಂದು ನೋಡಲು ದ್ವಾರಕಾ ಒಳ್ಳೆಯ ಜಾಗ. ದೆಹಲಿ ಅಭಿವೃದ್ಧಿ ಪ್ರಾಧಿಕಾರವು ನಗರದ ನೈಋತ್ಯ ಅಂಚಿನಲ್ಲಿ ಸೆಕ್ಟರ್ ಲೆಕ್ಕದಲ್ಲಿ ಬೆಳೆಸಿದ ಈ ಉಪನಗರಕ್ಕೆ ಮೆಟ್ರೊ ಬಂದದ್ದು 2005ರ ಡಿಸೆಂಬರ್ 31ರಂದು. ಇಲ್ಲಿನ ಸೊಸೈಟಿ ಫ್ಲ್ಯಾಟುಗಳಲ್ಲಿ ಕೆಲಸದ ಮೇಲೆ ಬಂದು ನೆಲೆನಿಂತ ಕನ್ನಡ ಕುಟುಂಬಗಳೂ ಇವೆ. ಅವರಿಗೆ ನಾಟಕ, ರಾಜ್ಯೋತ್ಸವ ಬೇಕೆಂದರೆ ರಾಮಕೃಷ್ಣಪುರಂನಲ್ಲಿರುವ ದೆಹಲಿ ಕರ್ನಾಟಕ ಸಂಘಕ್ಕೆ ಹೋಗಬೇಕು. ದೆಹಲಿ ಕನ್ನಡ ಶಾಲೆ ಇರುವುದು ಇನ್ನೂ ದೂರ, ಲೋದಿ ಎಸ್ಟೇಟಿನಲ್ಲಿ. ಹೀಗಾಗಿ ದ್ವಾರಕಾದ ಮಗುವಿಗೆ ಕನ್ನಡ ಅಕ್ಷರ ಸಿಗಬೇಕಾದರೆ ಅದು ಬಹುಮಟ್ಟಿಗೆ ಮನೆಯೊಳಗೇ ಸಿಗಬೇಕು.

ಅಂಥ ಮನೆಯೊಂದನ್ನು ಊಹಿಸಿಕೊಳ್ಳೋಣ. ಚಳಿಗಾಲಕ್ಕೆ ಮುಂಚೆ ಊರಿನಿಂದ ಬಂದ ಅಜ್ಜಿ ಕಾಗದದ ಮೇಲೆ ಮಾತ್ರ ಕನ್ನಡ ಬರೆದವರು. ಕೇಂದ್ರ ಸರಕಾರದ ಕಚೇರಿಯಲ್ಲಿ ಕೆಲಸ ಮಾಡುವ ಅಮ್ಮ ಹಿಂದಿ ಟೈಪಿಂಗ್ ಕಲಿತವರು. ಮಗಳು ಶಾಲೆಯಲ್ಲಿ ಇಂಗ್ಲಿಷನ್ನೂ ದೇವನಾಗರಿಯನ್ನೂ ಓದುತ್ತಿದ್ದಾಳೆ. ಕನ್ನಡವನ್ನು ಮಾತನಾಡಬಲ್ಲಳು, ಓದಲಾರಳು. ಮೂವರಿಗೂ ಇರುವುದು ಒಂದೇ ಮಡಚುವ ಲ್ಯಾಪ್‌ಟಾಪ್. ಅದರಲ್ಲಿ ಕನ್ನಡ ಬರೆಯಲು ಮೂವರಿಗೂ ಬೇರೆ ಬೇರೆ ದಾರಿಗಳಿವೆ, ಒಂದೊಂದು ದಾರಿಗೂ ಅದರದೇ ಚರಿತ್ರೆಯಿದೆ.

ಅಮ್ಮನ ದಾರಿ: ವರ್ಗಾಕ್ಷರಗಳ ಕೀಲಿಮಣೆ

ಭಾರತೀಯ ಲಿಪಿಗಳಿಗೆಲ್ಲ ಒಂದೇ ಕೀಲಿಮಣೆ ಎಂಬ ಯೋಚನೆ ಗಟ್ಟಿಯಾದದ್ದು 1980ರ ದಶಕದಲ್ಲಿ. ಐಐಟಿ ಕಾನ್ಪುರದಲ್ಲಿ ಮೋಹನ್ ತಾಂಬೆ ಮತ್ತು ಸಂಗಡಿಗರು ‘ಜಿಸ್ಟ್’ ಎಂಬ ತಂತ್ರಜ್ಞಾನವನ್ನು ರೂಪಿಸಿದರು. ದೆಹಲಿಯಲ್ಲಿದ್ದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ‘ಇನ್‌ಸ್ಕ್ರಿಪ್ಟ್’ ಕೀಲಿಮಣೆಯನ್ನು ಮಾನಕವಾಗಿಸಿ, 1988ರಲ್ಲಿ ಪರಿಷ್ಕರಿಸಿತು. 1991ರಲ್ಲಿ ಅದು ಭಾರತೀಯ ಮಾನಕ ಬ್ಯೂರೋದ ಮುದ್ರೆಯನ್ನೂ ಪಡೆಯಿತು. ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದೂ ಅದೇ 1991ರಲ್ಲಿ. ಅದರಲ್ಲಿ ಕನ್ನಡಕ್ಕೆ ದೊರೆತ ಜಾಗದ ಅಕ್ಷರಕ್ರಮ ಭಾರತದ ಈ ಮಾನಕವನ್ನೇ ಆಧರಿಸಿದ್ದು.

ಇನ್‌ಸ್ಕ್ರಿಪ್ಟ್ ಹಿಂದೆ ಇರುವುದು ನಮ್ಮ ವರ್ಣಮಾಲೆಯ ಹಳೆಯ ವಿವೇಕ. ಎಡಗೈಗೆ ಸ್ವರಗಳು, ಬಲಗೈಗೆ ಬಹುತೇಕ ವ್ಯಂಜನಗಳು. ಕ ಇರುವ ಕೀಲಿಯ ಮೇಲಿನ ಸಾಲಿನಲ್ಲೇ ಗ, ತ ಮೇಲೆ ದ, ಚ ಮೇಲೆ ಜ, ಟ ಮೇಲೆ ಡ, ಪ ಮೇಲೆ ಬ. ಮಹಾಪ್ರಾಣ ಬೇಕೆಂದರೆ ಅದೇ ಕೀಲಿಯನ್ನು ಶಿಫ್ಟ್ ಹಿಡಿದು ಒತ್ತುವುದು. ಕವರ್ಗ, ಚವರ್ಗ ಎಂದು ಬಾಯಿಪಾಠ ಮಾಡಿದವರಿಗೆ ಈ ವಿನ್ಯಾಸ ಕೆಲವೇ ದಿನಗಳಲ್ಲಿ ಬೆರಳಿಗೆ ಹತ್ತುತ್ತದೆ. ಲಿಪಿ ಬದಲಾದರೂ ಕೀಲಿಯ ಜಾಗ ಬದಲಾಗುವುದಿಲ್ಲ. ಹಾಗಾಗಿ ದೆಹಲಿಯ ಕಚೇರಿಯಲ್ಲಿ ಇನ್‌ಸ್ಕ್ರಿಪ್ಟ್ ಹಿಂದಿ ಕಲಿತ ಅಮ್ಮನ ಬೆರಳಿಗೆ ಕನ್ನಡದ ಕೀಲಿಮಣೆಯೂ ಮುಕ್ಕಾಲು ಪಾಲು ಬಂದೇಬಿಟ್ಟಿದೆ. ಹೊಸದಾಗಿ ಕಲಿಯಬೇಕಾದದ್ದು ಹಿಂದಿ ಬರಹಕ್ಕೆ ಬೇಕಿಲ್ಲದ, ಕನ್ನಡಕ್ಕೆ ಬೇಕೇಬೇಕಾದ ಕೆಲವನ್ನು: ಹ್ರಸ್ವ ಎ, ಹ್ರಸ್ವ ಒ, ಳ.

ಈ ಮೂರು ಎಷ್ಟು ಮುಖ್ಯ ಎಂಬುದಕ್ಕೆ ಬೆಲೆ, ಬೆಳೆ, ಬೇಳೆ ಎಂಬ ಪದಗಳೇ ಸಾಕು. ಒಂದು ಅಂಗಡಿಯದ್ದು, ಒಂದು ಹೊಲದ್ದು, ಇನ್ನೊಂದು ಅಡುಗೆಮನೆಯದ್ದು. ಇಂದಿನ ಶಿಷ್ಟ ಹಿಂದಿಯಲ್ಲಿ ಎ–ಏ ಭೇದವಿಲ್ಲ, ಳ ಇಲ್ಲ. ದೆಹಲಿಯಲ್ಲಿ ಬೆಳೆಯುವ ಮಗುವಿನ ಕಿವಿಗೆ ಈ ಮೂರೂ ಪದಗಳು ಒಂದಕ್ಕೊಂದು ಹತ್ತಿರ ಸರಿಯುವ ಸಂಭವ ಹೆಚ್ಚು. ಇನ್‌ಸ್ಕ್ರಿಪ್ಟ್‌ನಲ್ಲಿ ಮಾತ್ರ ಅವು ಬೆರೆಯಲಾರವು. ಬೆಲೆಗೆ ಲ ಒತ್ತಬೇಕು, ಬೆಳೆಗೆ ಅದೇ ಕೀಲಿಯನ್ನು ಶಿಫ್ಟ್ ಜೊತೆ ಒತ್ತಬೇಕು, ಬೇಳೆಗೆ ಏತ್ವದ ಬೇರೆ ಕೀಲಿಯನ್ನೇ ಹುಡುಕಬೇಕು.

ಕರ್ನಾಟಕದೊಳಗೆ ಹೆಚ್ಚು ಬಳಕೆಗೆ ಬಂದದ್ದು ಇನ್ನೊಂದು ವಿನ್ಯಾಸ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಕೀಲಿಗಳಲ್ಲೇ ಕನ್ನಡವನ್ನು ಹಿಡಿದಿಟ್ಟರು. ಬರೆಯುವವರು ಧ್ವನಿಯ ಕ್ರಮದಲ್ಲಿ ಒತ್ತುತ್ತಾ ಹೋದರೆ ಗುಣಿತ, ಒತ್ತಕ್ಷರಗಳನ್ನು ಜೋಡಿಸುವುದು ಯಂತ್ರದ ಕೆಲಸ. ತಮ್ಮ ತಂತ್ರಾಂಶಕ್ಕೆ ಅವರು ಪಂಡಿತ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದು ಹೆಸರಿಟ್ಟು ಉಚಿತವಾಗಿ ಕೊಟ್ಟರು. ಮುಂದೆ ಕರ್ನಾಟಕ ಸರಕಾರ ಒಪ್ಪಿಕೊಂಡದ್ದು, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಕಚೇರಿಗಳಿಗೆ ಹಬ್ಬಿದ್ದು ಇದೇ ವಿನ್ಯಾಸ.

ಮಗಳ ದಾರಿ: ಇಂಗ್ಲಿಷಿನ ಮೂಲಕ ಕನ್ನಡ

1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ ತಂತ್ರಾಂಶವನ್ನು ಹೊರತಂದರು. ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಕನ್ನಡ ಮೂಡುತ್ತಿತ್ತು. ಊರು ಬಿಟ್ಟು ದೂರ ಹೋಗಿದ್ದ ಸಾವಿರಾರು ಕನ್ನಡಿಗರು ಮತ್ತೆ ಕನ್ನಡದಲ್ಲಿ ಬರೆಯತೊಡಗಿದ್ದು ಇದರ ಉಪಕಾರದಿಂದ. ‘ಬರಹ’ದ ನಿಯಮ ಕಟ್ಟುನಿಟ್ಟಾಗಿತ್ತು: ಲ ಬೇಕೆಂದರೆ ಸಣ್ಣ ಅಕ್ಷರ, ಳ ಬೇಕೆಂದರೆ ದೊಡ್ಡ ಅಕ್ಷರ. ಬರೆಯುವವರಿಗೆ ಕನ್ನಡದ ಕಾಗುಣಿತ ಮೊದಲೇ ಗೊತ್ತಿರಬೇಕಿತ್ತು.

ಆ ಕಾಲದ ಮುಖ್ಯ ತೊಡಕು ಫಾಂಟಿನದ್ದು. ‘ನುಡಿ’ಯಲ್ಲಿ ಬರೆದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳ ಸಾಲು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟನ್ನು ಜೊತೆಗೇ ತಂದಿತು. ಯೂನಿಕೋಡ್ ನಿಧಾನವಾಗಿ ಬೇರೂರಿ, ಬೆಂಗಳೂರಿನಲ್ಲಿ ಬರೆದದ್ದನ್ನು ದೆಹಲಿಯಲ್ಲಿ ಓದುವುದು ಸಾಧ್ಯವಾಯಿತು.

2019ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳ ಫೋನೆಟಿಕ್ ಕೀಲಿಮಣೆಗಳನ್ನು ಸೇರಿಸಿತು. ಇದು ‘ಬರಹ’ದಷ್ಟು ನಿಷ್ಠುರವಲ್ಲ. ಇಂಗ್ಲಿಷಿನಲ್ಲಿ ಅಂದಾಜಿಗೆ ಒತ್ತಿದರೆ ಕೆಲವು ಕನ್ನಡ ಪದಗಳನ್ನು ಅದೇ ಸೂಚಿಸುತ್ತದೆ. ಮಗಳಿಗೆ ಇದು ಸುಲಭ. ತೊಂದರೆ ಇರುವುದೂ ಆ ಸುಲಭದಲ್ಲೇ. ಬೆಲೆ, ಬೆಳೆ, ಬೇಳೆ ಮೂರನ್ನೂ ಇಂಗ್ಲಿಷಿನಲ್ಲಿ ಒಂದೇ ನಾಲ್ಕು ಅಕ್ಷರಗಳಲ್ಲಿ ಬರೆಯುವುದು ನಮ್ಮೆಲ್ಲರ ರೂಢಿ. ಪಟ್ಟಿಯಿಂದ ಸರಿಯಾದದ್ದನ್ನು ಆರಿಸಬೇಕಾದರೆ ಕನ್ನಡ ಓದಲು ಬರಬೇಕು. ಓದು ಬಲ್ಲವರ ವೇಗ ಹೆಚ್ಚಿಸುವ ಈ ಸಾಧನ, ಓದಲು ಬಾರದ ಮಗುವಿಗೆ ಮೊದಲ ಸೂಚನೆಯೇ ಸರಿ ಎಂದು ನಂಬುವುದನ್ನು ಕಲಿಸುತ್ತದೆ.

ಅಜ್ಜಿಯ ದಾರಿ: ಕೈಬರಹ

ಪರದೆಯ ಮೇಲೆ ಪೆನ್ನಿನಿಂದ ಬರೆಯುವ ಕಂಪ್ಯೂಟರನ್ನು ಜನಸಾಮಾನ್ಯರ ಕೈಗೆ ಕೊಡುವ ಕನಸು ಕಂಡವರಲ್ಲಿ ಬೆಂಗಳೂರಿನವರೂ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ 2001ರ ಏಪ್ರಿಲ್‌ನಲ್ಲಿ ‘ಸಿಂಪ್ಯೂಟರ್’ ಮಾದರಿಯನ್ನು ತೋರಿಸಿದರು. ಅಂಗೈ ಹಿಡಿಸುವ ಗಾತ್ರ, ಲಿನಕ್ಸ್ ವ್ಯವಸ್ಥೆ, ಕಡ್ಡಿಯಿಂದ ಮುಟ್ಟುವ ಪರದೆ. ಬರಹವನ್ನು ಕನ್ನಡ, ಹಿಂದಿ, ತಮಿಳಿನಲ್ಲಿ ಓದಿ ಹೇಳಬೇಕೆಂಬುದು ಗುರಿಯ ಒಂದು ಭಾಗ. ಗುರಿಯಿಟ್ಟ ಬೆಲೆ 9,000 ರೂಪಾಯಿ. 2004ರಲ್ಲಿ ‘ಅಮಿಡಾ’ ಹೆಸರಿನಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ, ಸುಮಾರು 10 ಸಾವಿರದಿಂದ ಶುರುವಾಗುವ ಬೆಲೆಗೆ ಅದು ಮಾರುಕಟ್ಟೆಗೆ ಬಂತು. ಸಾಧನದ ಅಲುಗಾಟವನ್ನು ಗ್ರಹಿಸುವ ಸಂವೇದಕ ಅದರಲ್ಲಿತ್ತು. ಇಂದಿನ ಲ್ಯಾಪ್‌ಟಾಪನ್ನು ತಿರುಗಿಸಿದಾಗ ಪರದೆಯೂ ತಿರುಗುವುದು ಅದೇ ಬಗೆಯ ಸಂವೇದಕದಿಂದ. ಕೈಯಲ್ಲಿ ಗೀಚಿದ್ದನ್ನೇ ಇಮೇಲ್ ಆಗಿ ಕಳಿಸಬಹುದಿತ್ತು, ಯಾವ ಭಾಷೆಯಾದರೂ ಸರಿ. ಆದರೆ ಮಾರಾಟ ಕೆಲವೇ ಸಾವಿರಕ್ಕೆ ನಿಂತಿತು. ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನ್ ಹಳ್ಳಿ ತಲುಪಿತ್ತು.

ಅದೇ ಹೊತ್ತಿನಲ್ಲಿ, 2002ರ ನವೆಂಬರ್‌ನಲ್ಲಿ, ಮೈಕ್ರೋಸಾಫ್ಟ್ ಟ್ಯಾಬ್ಲೆಟ್ ಪಿಸಿ ಆವೃತ್ತಿಯನ್ನು ಬಿಡುಗಡೆ ಮಾಡಿತು. ಏಸರ್‌ನಂಥ ಕಂಪನಿಗಳು ಪರದೆ ತಿರುಗಿಸಿ ಮಡಚುವ ಲ್ಯಾಪ್‌ಟಾಪುಗಳನ್ನು ತಂದವು. ಆಗ ಅದಕ್ಕೆ ಕೈಬರಹ ಗುರುತಿಸಲು ಬರುತ್ತಿದ್ದ ಭಾಷೆಗಳಲ್ಲಿ ಭಾರತದ್ದು ಒಂದೂ ಇರಲಿಲ್ಲ. 360 ಡಿಗ್ರಿ ಹಿಂದಕ್ಕೆ ಬಾಗುವ ಕೀಲು 2012ರಲ್ಲಿ ವಿಂಡೋಸ್ 8ರ ಜೊತೆ ಲೆನೊವೊ ಯೋಗಾದಲ್ಲಿ ಬಂದು ಜನಪ್ರಿಯವಾಯಿತು.

ಯಂತ್ರಕ್ಕೆ ಕನ್ನಡದ ಕೈಬರಹ ಕಷ್ಟವಾಗುವುದಕ್ಕೆ ಕಾರಣ ಲಿಪಿಯಲ್ಲೇ ಇದೆ. ವ್ಯಂಜನಗಳಿಗೆ ಗುಣಿತ ಸೇರಿದರೆ ನೂರಾರು ರೂಪಗಳು, ಒತ್ತಕ್ಷರ ಸೇರಿದರೆ ಸಾವಿರಾರು. ‘ಸ್ತ್ರೀ’ ಬರೆಯುವಾಗ ಒಬ್ಬರು ದೀರ್ಘವನ್ನು ಮೊದಲು ಎಳೆದರೆ ಇನ್ನೊಬ್ಬರು ಕೊನೆಗೆ ಎಳೆಯುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಕನ್ನಡ, ತಮಿಳು ಕೈಬರಹದ ಮೇಲೆ ವರ್ಷಗಟ್ಟಲೆ ದುಡಿಯಿತು. ಅದಕ್ಕೆ ದೆಹಲಿಯ ಮಾಹಿತಿ ತಂತ್ರಜ್ಞಾನ ಇಲಾಖೆಯ ನೆರವಿತ್ತು. ಬೆಂಗಳೂರಿನ ಎಚ್‌ಪಿ ಲ್ಯಾಬ್ಸ್ ಬೇರೊಂದು ದಾರಿ ಹಿಡಿಯಿತು. ಹಲಗೆಯ ಮೇಲೆ ವ್ಯಂಜನಗಳು ಅಚ್ಚಾಗಿದ್ದವು. ಕ ಮೇಲೆ ಪೆನ್ನಿಟ್ಟು ಗುಡಿಸು ಎಳೆದರೆ ‘ಕಿ’. ಮಕ್ಕಳು ಕಾಗುಣಿತ ಕಲಿಯುವ ರೀತಿಯೇ ಅಲ್ಲಿ ಕೀಲಿಮಣೆಯಾಗಿತ್ತು. ಹಿಂದಿಗೂ ಕನ್ನಡಕ್ಕೂ ತಯಾರಾದ ಆ ಸಾಧನ ಮನೆಮನೆಗೆ ತಲುಪಲಿಲ್ಲ. 2015ರಲ್ಲಿ ಗೂಗಲ್ ತನ್ನ ಕೈಬರಹ ಸಾಧನವನ್ನು 82 ಭಾಷೆಗಳಲ್ಲಿ ಫೋನಿಗೆ ಕೊಟ್ಟಾಗ ಅವುಗಳಲ್ಲಿ ಕನ್ನಡವೂ ಇತ್ತು.

ಮೊದಲ ದಿನ ಮಾಡಬೇಕಾದದ್ದು

ಈ ಚರಿತ್ರೆಯೆಲ್ಲ ಹೊಸ ಲ್ಯಾಪ್‌ಟಾಪಿನೊಳಗೆ ಮಡಚಿ ಕೂತಿರುತ್ತದೆ. ಹೊರಗೆ ತೆಗೆಯಲು ಐದು ನಿಮಿಷ ಸಾಕು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಮಯ ಮತ್ತು ಭಾಷೆಯ ವಿಭಾಗಕ್ಕೆ ಹೋಗಿ ಕನ್ನಡವನ್ನು ಸೇರಿಸಬೇಕು. ಅದರ ಆಯ್ಕೆಗಳಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸದ ಕೀಲಿಮಣೆಯೂ ಫೋನೆಟಿಕ್ ಕೀಲಿಮಣೆಯೂ ಸಿಗುತ್ತವೆ, ಎರಡನ್ನೂ ಸೇರಿಸಿಕೊಳ್ಳಬಹುದು. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹಾರಬಹುದು. ಆಮೇಲೆ ಲ್ಯಾಪ್‌ಟಾಪನ್ನು ಮಡಚಿ, ಪರದೆಯ ಕೀಲಿಮಣೆಯನ್ನು ತೆರೆದು ಇನ್‌ಸ್ಕ್ರಿಪ್ಟ್ ಆರಿಸಿದರೆ ಕೀಲಿಗಳ ಮೇಲೆ ಕ, ಗ, ತ, ದ ಕಾಣುತ್ತವೆ. ದೆಹಲಿಯ ಜನವರಿಯಲ್ಲಿ ಉಣ್ಣೆಯ ಕೈಗವಸು ತೆಗೆಯಲೇಬೇಕು. ಈ ಪರದೆ ಬೆರಳನ್ನು ಗುರುತಿಸುವುದು ಚರ್ಮದ ವಿದ್ಯುತ್ ಗುಣದಿಂದ, ಉಣ್ಣೆ ಅದನ್ನು ತಡೆಯುತ್ತದೆ.

ಕನ್ನಡ ಓದಲು ಬರುವ ದೊಡ್ಡವರಿಗೆ ಫೋನೆಟಿಕ್ ಆದೀತು. ಮಕ್ಕಳಿಗೆ ಮಾತ್ರ ಮೊದಲು ತೋರಿಸಬೇಕಾದದ್ದು ಪರದೆಯ ಮೇಲಿನ ಕನ್ನಡ ಕೀಲಿಗಳನ್ನು ಮತ್ತು ಪೆನ್ನನ್ನು. ಕೀಲಿಯ ಮೇಲೆ ಳ ಕಂಡಾಗಲೇ ಅದು ಲ ಅಲ್ಲ ಎಂಬುದು ಮಗುವಿನ ಕಣ್ಣಿಗೆ ಬೀಳುವುದು. ಪೆನ್ನಿನಲ್ಲಿ ಅಜ್ಜಿ ಬರೆದ ಅಕ್ಷರದ ಮೇಲೆ ಮೊಮ್ಮಗಳು ತಿದ್ದಬಹುದು. ಯಂತ್ರ ಅದನ್ನು ಗುರುತಿಸಲಿ ಬಿಡಲಿ, ಹಾಳೆ ಚಿತ್ರವಾಗಿ ಉಳಿಯುತ್ತದೆ. ಸ್ಲೇಟಿನ ಮೇಲೆ ಅಕ್ಷರ ತಿದ್ದಿಸುವ ಪದ್ಧತಿ ನಮ್ಮಲ್ಲಿ ಹಳೆಯದು, ಅದಕ್ಕೆ ಹೊಸ ತಂತ್ರಾಂಶವೇನೂ ಬೇಡ.

ಬೇಳೆಯ ಬೆಲೆ ಎಷ್ಟು, ಈ ವರ್ಷ ಬೆಳೆ ಹೇಗಿದೆ ಎಂದು ಊರಿಗೆ ಎರಡು ಸಾಲು ಬರೆದು ಕಳಿಸುವುದು ಮೊದಲ ಪಾಠವಾಗಲಿ. ಆ ಎರಡು ಸಾಲು ತಪ್ಪಿಲ್ಲದೆ ಹೋದರೆ, ಓದಲು ಬಾರದಿದ್ದ ಒಂದು ಮಗುವಿಗೆ ಕನ್ನಡದ ಮೂರು ಅಕ್ಷರಗಳಾದರೂ ದಕ್ಕಿದವು ಎಂದರ್ಥ.