ಕಾವಲುಗಾರನಿಲ್ಲದ ಮೆಮೊರಿ

ಇವತ್ತಿನ ಕಂತು ನನ್ನದೇ ಒಂದು ತಲೆನೋವಿನಿಂದ ಶುರುವಾಗುತ್ತೆ. ತೋರಣಗಲ್ಲು, ಮೇ ತಿಂಗಳು. ಬಳ್ಳಾರಿ ಕಡೆಯ ಬಿಸಿಲು ಹೆಂಗಿರುತ್ತೆ ಅಂತ ಬಿಡಿಸಿ ಹೇಳೋದು ಬೇಡ. ನನ್ನ ರೂಮಿಗೆ ಶೀಟಿನ ಚಾವಣಿ, ಎಸಿ ಇಲ್ಲ. ದುಡ್ಡು ಕೂಡಿಟ್ಟು ಹೊಸ ಪಿಸಿ ಕಟ್ಟಿದ್ದೆ. ಡಿಡಿಆರ್5 ಮೆಮೊರಿ, ಡಬ್ಬದ ಮೇಲೆ 6000 ಅಂತ ನಂಬರು. ಅಂದ್ರೆ ಒಂದೊಂದು ತಂತಿಯ ಮೇಲೂ ಸೆಕೆಂಡಿಗೆ 600 ಕೋಟಿ ಸಲ ಡೇಟಾ ಹೋಗಬೇಕು.

ಬೆಳಿಗ್ಗೆ ಎಲ್ಲ ಸರಿ. ಮಧ್ಯಾಹ್ನ ಮೂರರ ಹೊತ್ತಿಗೆ ಗೇಮ್ ತಾನಾಗೇ ಮುಚ್ಚಿಕೊಳ್ತಿತ್ತು. ಗೇಮಿನದ್ದೇ ತಪ್ಪು ಅಂದುಕೊಂಡು ಸುಮ್ಮನಿದ್ದೆ. ಅದೇ ಪಿಸಿಯಲ್ಲಿ ಅಕ್ಕನ ಮದುವೆ ಫೋಟೋಗಳನ್ನ ಹಳೆ ಡಿಸ್ಕಿಂದ ಹೊಸದಕ್ಕೆ ಹಾಕಿ, ಹಳೇದನ್ನ ಅಳಿಸಿಬಿಟ್ಟೆ. ಒಂದಿನ ಅವ್ವ ನೋಡ್ತಾ ಕೂತವಳು, "ಯಾಕಪಾ, ಫೋಟೋ ಅರ್ಧಕ್ಕ ಹರದಂಗ ಕಾಣತೈತಿ?" ಅಂದಳು. ಆಗ ಎದೆ ಧಸಕ್ ಅಂತು.

ಮೆಮೊರಿ ಸೋರುವ ವಸ್ತು ಅಂತ ನಂಗೆ ಗೊತ್ತಾಗಿದ್ದು ಆಮೇಲೆ. ಐಬಿಎಂನ ರಾಬರ್ಟ್ ಡೆನಾರ್ಡ್‌ಗೆ 1968ರಲ್ಲಿ ಒಂದು ಪೇಟೆಂಟ್ ಸಿಕ್ಕಿತು: ಒಂದು ಬಿಟ್ಟಿಗೆ ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್. ಕೆಪಾಸಿಟರ್‌ನಲ್ಲಿ ಚಾರ್ಜ್ ಇದ್ರೆ ಒಂದು, ಇಲ್ಲಾಂದ್ರೆ ಸೊನ್ನೆ. ಅಗ್ಗ, ಚಿಕ್ಕದು, ಆದರೆ ತೂತು ಬಿದ್ದ ಕೊಡ. ಸೋರಿಹೋಗೋ ಮೊದಲೇ ಮತ್ತೆ ಮತ್ತೆ ತುಂಬಿಸ್ತಾ ಇರಬೇಕು. ಇದಕ್ಕೆ ರಿಫ್ರೆಶ್ ಅಂತಾರೆ. 1970ರಲ್ಲಿ ಬಂದ ಇಂಟೆಲ್ 1103 ಚಿಪ್ಪಿನಲ್ಲಿ ಇದ್ದಿದ್ದು ಬರೀ 1024 ಬಿಟ್, ಅದನ್ನೂ ಎರಡು ಮಿಲಿಸೆಕೆಂಡಿಗೊಮ್ಮೆ ತುಂಬಿಸಬೇಕಿತ್ತು. ಡಿಡಿಆರ್4 ಬರೋ ಹೊತ್ತಿಗೆ ಅದು 64 ಮಿಲಿಸೆಕೆಂಡ್ ತನಕ ತಡೆದುಕೊಳ್ಳೋದು ಕಲಿತಿತ್ತು. ಆದರೆ ಚಿಪ್ಪು 85 ಡಿಗ್ರಿ ದಾಟಿದರೆ ಆ ಅವಧಿ ಅರ್ಧಕ್ಕೆ ಇಳಿಯುತ್ತೆ. ಯಾಕಂದ್ರೆ ಬಿಸಿಯಾದಷ್ಟೂ ಸೋರಿಕೆ ಜಾಸ್ತಿ. ಉಕ್ಕು ಕಾಯಿಸೋ ಊರಲ್ಲಿ ಕೂತು ಇದನ್ನ ಪುಸ್ತಕದಲ್ಲಿ ಓದಿ ತಿಳೀಬೇಕಾಯ್ತು ನೋಡಿ.

ಸೋರಿಕೆಯೊಂದೇ ಅಲ್ಲ. 1978ರಲ್ಲಿ ಇಂಟೆಲ್‌ನ ತಿಮೋತಿ ಮೇ ಮತ್ತು ಮರ್ರಿ ವುಡ್ಸ್ ಒಂದು ವಿಚಿತ್ರ ಸಂಗತಿ ಹೊರಗೆಡವಿದರು. ಚಿಪ್ಪನ್ನ ಮುಚ್ಚೋ ವಸ್ತುವಿನಲ್ಲೇ ಇದ್ದ ಚೂರುಪಾರು ಯುರೇನಿಯಂ, ಥೋರಿಯಂನಿಂದ ಆಲ್ಫಾ ಕಣಗಳು ಹಾರಿ ಬಿಟ್ಟುಗಳನ್ನ ತಿರುಗಿಸ್ತಿದ್ದವು. ಚಿಪ್ಪು ಕೆಟ್ಟಿಲ್ಲ, ಆದರೂ ಉತ್ತರ ತಪ್ಪು.

ಹಿಂಗಾಗಿ 1981ರ ಐಬಿಎಂ ಪಿಸಿಯಲ್ಲಿ ಒಬ್ಬ ಕಾವಲುಗಾರ ಇದ್ದ. ಎಂಟು ಬಿಟ್ ಡೇಟಾಗೆ ಒಂಬತ್ತನೇದೊಂದು ಪ್ಯಾರಿಟಿ ಬಿಟ್. ಲೆಕ್ಕ ತಪ್ಪಿದರೆ ಮಷೀನು ಅಲ್ಲೇ ನಿಂತು, ಪ್ಯಾರಿಟಿ ಚೆಕ್ ಅಂತ ಪರದೆ ಮೇಲೆ ಕೂಗ್ತಿತ್ತು. ಕಿರಿಕಿರಿ ಹೌದು, ಆದರೆ ಸುಳ್ಳು ಹೇಳ್ತಿರಲಿಲ್ಲ. 1990ರ ದಶಕದಲ್ಲಿ ಮನೆ ಪಿಸಿಗಳ ಬೆಲೆ ಇಳಿಸೋಕೆ ಹೋಗಿ ಆ ಒಂಬತ್ತನೇ ಬಿಟ್ಟನ್ನೇ ಕಿತ್ತರು. ಸರ್ವರ್‌ಗಳಲ್ಲಿ ಮಾತ್ರ ತಪ್ಪು ತಿದ್ದೋ ಇಸಿಸಿ ಮೆಮೊರಿ ಉಳೀತು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಮುಖ್ಯ ತಿರುವು ಇದೇ. ಗೂಗಲ್ 2009ರಲ್ಲಿ ತನ್ನ ಸರ್ವರ್‌ಗಳ ಲೆಕ್ಕ ತೆಗೆದಾಗ, ವರ್ಷಕ್ಕೆ ನೂರರಲ್ಲಿ ಎಂಟಕ್ಕೂ ಹೆಚ್ಚು ಮೆಮೊರಿ ಸ್ಟಿಕ್‌ಗಳಲ್ಲಿ ತಪ್ಪು ಕಂಡಿತ್ತು. ಅಲ್ಲಿ ಹಿಡಿಯೋಕೆ ಇಸಿಸಿ ಇತ್ತು. ನಮ್ಮನೇಲಿ ಯಾರಿದಾರೆ? ಡಿಡಿಆರ್5 ಚಿಪ್ಪಿನೊಳಗೆ ತಿದ್ದೋ ವ್ಯವಸ್ಥೆ ಇದೆ ನಿಜ, ಆದರೆ ಚಿಪ್ಪಿಂದ ಪ್ರೊಸೆಸರ್‌ವರೆಗಿನ ದಾರಿಯನ್ನ ಅದು ಕಾಯಲ್ಲ. ವೇಗ ಜಾಸ್ತಿ ಮಾಡಿದಾಗ ಎಡವೋದು ಹೆಚ್ಚಾಗಿ ಆ ದಾರಿಯಲ್ಲೇ.

ಕಾವಲುಗಾರ ಹೋದ ಮೇಲೆ ವೇಗದ ಬಟನ್ ಬಂತು. ಇಂಟೆಲ್ 2007ರಲ್ಲಿ ಎಕ್ಸ್‌ಎಂಪಿ ತಂದಿತು, ಎಎಂಡಿ 2022ರಲ್ಲಿ ಎಕ್ಸ್‌ಪೋ. ಬಯೋಸ್‌ನಲ್ಲಿ ಒಂದು ಒತ್ತು, ಡಬ್ಬದ ಮೇಲಿನ ವೇಗ ಸಿಕ್ತು ಅನ್ನಿಸುತ್ತೆ. ಅದು ಓವರ್‌ಕ್ಲಾಕಿಂಗ್ ಅನ್ನೋದನ್ನ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ. ನನ್ನದು ರೈಜೆನ್ 7000. ಎಎಂಡಿ ಅಧಿಕೃತವಾಗಿ ಒಪ್ಪಿಕೊಳ್ಳೋದು ಎರಡು ಸ್ಟಿಕ್ ಇದ್ರೆ 5200, ನಾಲ್ಕು ಹಾಕಿದರೆ 3600. ಆಸೆಬುರುಕ ನಾನು, ನಾಲ್ಕೂ ಸ್ಲಾಟ್ ತುಂಬಿ 6000 ಕೇಳಿದ್ದೆ!

ಎರಡು ಸ್ಟಿಕ್ ತೆಗೆದೆ. ರಾತ್ರಿ ಮೆಮ್‌ಟೆಸ್ಟ್86 ಹಚ್ಚಿ ಮಲಗಿದೆ, ಬೆಳಿಗ್ಗೆ ಸೊನ್ನೆ ತಪ್ಪು. ಖುಷಿಯಲ್ಲಿ ಬಿಟ್ಟಿದ್ರೆ ಮತ್ತೆ ಮೋಸ ಹೋಗ್ತಿದ್ದೆ. ಮಧ್ಯಾಹ್ನ ಎರಡಕ್ಕೆ ಅದೇ ಪರೀಕ್ಷೆ ಇನ್ನೊಮ್ಮೆ ಹಚ್ಚಿದಾಗ 11 ತಪ್ಪು. ರಾತ್ರಿ ಪಾಸ್, ಬಿಸಿಲಲ್ಲಿ ಫೇಲ್. ವೋಲ್ಟೇಜ್ ಏರಿಸಿ ನೋಡೋಣ ಅನ್ನಿಸ್ತು, ಆದರೆ 2023ರ ನೆನಪಾಯ್ತು. ಆ ವರ್ಷ ಕೆಲವು ರೈಜೆನ್ 7000 ಪ್ರೊಸೆಸರ್‌ಗಳು ಸಾಕೆಟ್ಟಲ್ಲೇ ಸುಟ್ಟವು, ಎಎಂಡಿ ಎಸ್‌ಒಸಿ ವೋಲ್ಟೇಜಿಗೆ 1.3ರ ಮಿತಿ ಹಾಕ್ತು. ಅದಕ್ಕೇ ವೇಗವನ್ನೇ 5600ಕ್ಕೆ ಇಳಿಸಿ, ಸ್ಟಿಕ್‌ಗಳ ಮೇಲೆ ಗಾಳಿ ಬೀಳೋ ಹಾಗೆ ಒಂದು ಫ್ಯಾನ್ ತಿರುಗಿಸಿದೆ. ಸತತ ಮೂರು ಮಧ್ಯಾಹ್ನ ಪರೀಕ್ಷೆ ಮಾಡಿದೆ. ಒಂದೂ ತಪ್ಪಿಲ್ಲ. ಗೇಮಲ್ಲಿ ವ್ಯತ್ಯಾಸ ಹುಡುಕಿದೆ, ಕಣ್ಣಿಗೆ ಕಾಣಲಿಲ್ಲ.

ಫೋಟೋಗಳಲ್ಲಿ ಬಹುಪಾಲು ಕಂಪ್ಲಿಯ ಅತ್ತೆಯ ಹಳೆ ಫೋನಿನಲ್ಲಿ ಸಿಕ್ಕವು. ಧಾರೆ ಎರೆಯೋ ಹೊತ್ತಿನ ನಾಲ್ಕು ಮಾತ್ರ ಸಿಗಲೇ ಇಲ್ಲ. ಅವ್ವ ಅವನ್ನ ಇನ್ನೂ ಕೇಳ್ತಾ ಇರ್ತಾಳೆ.